ಹನ್ನೊಂದು ವರ್ಷದ ಡೆಸ್ಕ್‌ಟಾಪ್‌ನಲ್ಲಿ ಜಿಟಿಎಕ್ಸ್ 1650: ಸುರತ್ಕಲ್‌ನ ಒಂದು ಮಳೆಗಾಲ ಕಳೆದ ಮೇಲೆ

2014ರಲ್ಲಿ ಕೊಂಡಿದ್ದ ನಮ್ಮ ಡೆಸ್ಕ್‌ಟಾಪ್ ಕಂಪ್ಯೂಟರ್‌ಗೆ ಕಳೆದ ಮೇ ತಿಂಗಳಲ್ಲಿ 20,750 ರೂಪಾಯಿ ಖರ್ಚು ಮಾಡಿ, ಅದರಲ್ಲಿ ಗೇಮ್‌ಗಳು ಸರಾಗವಾಗಿ ಓಡುವಂತೆ ಮಾಡಿಸಿಕೊಂಡೆವು. ಆ ಮೊತ್ತದಲ್ಲಿ ದೊಡ್ಡ ಪಾಲು ಹೋದದ್ದು ಎನ್‌ವಿಡಿಯಾದ ಜಿಟಿಎಕ್ಸ್ 1650 ಎಂಬ, ಯಾರೋ ಒಮ್ಮೆ ಬಳಸಿ ಮಾರಿದ್ದ ಗ್ರಾಫಿಕ್ಸ್ ಕಾರ್ಡ್‌ಗೆ, ಅಂದರೆ ಪರದೆಯ ಚಿತ್ರಗಳನ್ನು ಬಿಡಿಸುವ ಭಾಗಕ್ಕೆ. ಅದನ್ನು ಹಾಕಿ ಏಳು ತಿಂಗಳಾಯಿತು. ನಡುವೆ ಸುರತ್ಕಲ್‌ನ ಒಂದು ಇಡೀ ಮಳೆಗಾಲವೂ ಕಳೆಯಿತು. ಕಾರ್ಡ್ ಬಗ್ಗೆ ನನಗೆ ತೃಪ್ತಿಯಿದೆ. ಆದರೆ ಮೊದಲು ನಾನು ಅಂದುಕೊಂಡಿದ್ದಂತೆ ಕಾರ್ಡ್ ಒಂದನ್ನೇ ತಂದು ಸಿಕ್ಕಿಸಿದ್ದರೆ ಆ ಹಣ ಬಹುಪಾಲು ನೀರಿಗೆ ಹೋಗುತ್ತಿತ್ತು. ಹಾಗಾಗಿ ಈ ವಿಮರ್ಶೆಯಲ್ಲಿ ಕಾರ್ಡ್‌ನಷ್ಟೇ ಅದರ ಸುತ್ತಲಿನ ಭಾಗಗಳ ಮಾತೂ ಬರುತ್ತದೆ.

ಯಂತ್ರ ಮೊದಲು ಹೇಗಿತ್ತೆಂದು ಹೇಳಿಬಿಡುತ್ತೇನೆ. ಇಂಟೆಲ್ ಕೋರ್ ಐ3-4130 ಪ್ರೊಸೆಸರ್, ಎಚ್81 ಚಿಪ್‌ಸೆಟ್‌ನ (ಭಾಗಗಳ ನಡುವಿನ ಸಂಪರ್ಕ ನೋಡಿಕೊಳ್ಳುವ ಚಿಪ್) ಮದರ್‌ಬೋರ್ಡ್, 4 ಜಿಬಿ ರ್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಪ್ರೊಸೆಸರ್‌ನ ಒಳಗೇ ಇರುವ ಎಚ್‌ಡಿ 4400 ಗ್ರಾಫಿಕ್ಸ್‌ನಿಂದಲೇ ಎಲ್ಲವೂ ನಡೆಯಬೇಕಿತ್ತು. ಸಹಕಾರಿ ಸಂಘದ ಲೆಕ್ಕ ಬರೆಯಲು, ಅಕ್ಕನ ಮಗಳ ಶಾಲೆಯ ಕೆಲಸಕ್ಕೆ ಇಷ್ಟು ಧಾರಾಳವಾಗಿ ಸಾಕಾಗಿತ್ತು. ರಾತ್ರಿ ಊಟ ಮುಗಿದ ಮೇಲೆ ಯೂರೋ ಟ್ರಕ್ ಸಿಮ್ಯುಲೇಟರ್ 2ರಲ್ಲಿ ಲಾರಿ ಓಡಿಸುವುದು ನನಗೆ ಬಹಳ ವರ್ಷಗಳಿಂದ ಇರುವ ಅಭ್ಯಾಸ. 2012ರಲ್ಲಿ ಬಂದ ಆ ಗೇಮ್‌ಗೆ ವರ್ಷವರ್ಷವೂ ಹೊಸ ರಸ್ತೆಗಳು, ಹೊಸ ಊರುಗಳು, ಹೊಸ ಬೆಳಕಿನ ವ್ಯವಸ್ಥೆ ಸೇರುತ್ತಾ ಹೋದಂತೆ ನಮ್ಮ ಯಂತ್ರ ಹಿಂದೆ ಬಿದ್ದಿತು. ಎಲ್ಲ ಸೆಟ್ಟಿಂಗ್‌ಗಳನ್ನು ಕೆಳಗಿಳಿಸಿದರೂ ಸೆಕೆಂಡಿಗೆ ಇಪ್ಪತ್ತರ ಆಸುಪಾಸಿನ ಫ್ರೇಮ್‌ಗಳಷ್ಟೇ (ಪರದೆಯ ಮೇಲೆ ಒಂದರ ಹಿಂದೊಂದು ಬರುವ ಚಿತ್ರಗಳು) ಸಿಗುತ್ತಿದ್ದವು. ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದ ಮೇಲೆ ಲಾರಿ ತಿರುಗಲು ಒಂದು ಕ್ಷಣ ಕಾಯಬೇಕು. ಡಿಪ್ಲೊಮಾ ಓದುತ್ತಿರುವ ಅಕ್ಕನ ಮಗಳಿಗೆ ಬೇಕಾದ ಜಿಟಿಎ 5, ಫೋರ್ಜಾ ಹೊರೈಜನ್ 5, ಕೌಂಟರ್-ಸ್ಟ್ರೈಕ್ 2 ಗೇಮ್‌ಗಳ ಮಾತಂತೂ ದೂರವೇ ಉಳಿಯಿತು.

ಮಂಗಳೂರಿನ ಹಂಪನಕಟ್ಟೆಯ ಸುತ್ತಮುತ್ತಲಿನ ಎರಡು ಮೂರು ಅಂಗಡಿಗಳಿಗೆ ಫೋನ್ ಮಾಡಿ ವಿಚಾರಿಸಿದಾಗ ಎಲ್ಲರೂ ನೇರವಾಗಿ ಕಾರ್ಡ್‌ನ ಬೆಲೆಯನ್ನೇ ಹೇಳಿದರು. ಬಲ್ಮಠದ ಬಳಿ ರಿಪೇರಿ ಅಂಗಡಿ ನಡೆಸುವ ಯುವಕರೊಬ್ಬರು ಮಾತ್ರ ಬೆಲೆ ಹೇಳಲಿಲ್ಲ. "ಸರ್, ಮೊದಲು ಸಿಪಿಯು ತನ್ನಿ, ಬಿಚ್ಚಿ ನೋಡುವ. ಒಳಗೆ ಎಂತ ಉಂಟು ಅಂತ ಗೊತ್ತಾಗದೆ ಕಾರ್ಡ್ ಹೇಳಿದ್ರೆ ಸರಿಯಾಗುವುದಿಲ್ಲ" ಎಂದರು. ಮರುದಿನ ಕ್ಯಾಬಿನೆಟನ್ನು ಹಳೆಯ ಬೆಡ್‌ಶೀಟ್‌ನಲ್ಲಿ ಸುತ್ತಿ, ಆಟೊದಲ್ಲಿ ಕೂಳೂರು ಸೇತುವೆ ದಾಟಿ ಕೊಂಡೊಯ್ದೆವು. ನಮ್ಮಲ್ಲಿ ಹೆಚ್ಚಿನವರು ಇಡೀ ಪೆಟ್ಟಿಗೆಯನ್ನೇ ಸಿಪಿಯು ಎನ್ನುತ್ತಾರೆ. ಅವರೂ ಗಿರಾಕಿಗಳೊಡನೆ ಅದೇ ಮಾತನ್ನು ಬಳಸುತ್ತಾರೆ, ಆದರೆ ಪ್ರೊಸೆಸರ್ ಬಗ್ಗೆ ಮಾತು ಬಂದಾಗ ಬೇರ್ಪಡಿಸಿ ಹೇಳುತ್ತಾರೆ.

ಪಕ್ಕದ ತಗಡು ತೆಗೆದಾಗ ಕಂಡದ್ದು ಮೊದಲು ಧೂಳು, ಆಮೇಲೆ ತುಕ್ಕು. ನಮ್ಮ ಮನೆಗೂ ಸಮುದ್ರಕ್ಕೂ ನಡುವೆ ಒಂದು ಕಿಲೋಮೀಟರ್ ಕೂಡ ಇಲ್ಲ. ಹಿಂಬದಿಯ ಪೋರ್ಟ್‌ಗಳ ಸುತ್ತಲಿನ ತಗಡು, ಖಾಲಿ ಸ್ಲಾಟ್‌ಗಳ ಪಟ್ಟಿಗಳು, ಸ್ಕ್ರೂಗಳ ತಲೆ ಎಲ್ಲವೂ ಕಂದು ಬಣ್ಣಕ್ಕೆ ತಿರುಗಿದ್ದವು. ಉಪ್ಪಿನ ಗಾಳಿಯ ತೇವ ಧೂಳಿನ ಮೇಲೆ ಕುಳಿತರೆ ಆ ಧೂಳು ಒಣ ಊರಿನ ಧೂಳಿನಂತೆ ಊದಿದರೆ ಹಾರಿಹೋಗುವುದಿಲ್ಲ, ಅಂಟಿಕೊಳ್ಳುತ್ತದೆ. ತೇವವನ್ನು ಹಿಡಿದಿಟ್ಟುಕೊಂಡು ಲೋಹವನ್ನು ನಿಧಾನವಾಗಿ ತಿನ್ನುತ್ತದೆ. ಅವರು ಬೋರ್ಡ್‌ನ ಕೆಪ್ಯಾಸಿಟರ್‌ಗಳ (ವಿದ್ಯುತ್ತನ್ನು ಹಿಡಿದಿಟ್ಟು ಸಮಗೊಳಿಸುವ ಸಣ್ಣ ಭಾಗಗಳು) ತಲೆ ಉಬ್ಬಿದೆಯೇ ಎಂದು ಒಂದೊಂದಾಗಿ ಟಾರ್ಚ್ ಹಾಕಿ ನೋಡಿದರು, ಗ್ರಾಫಿಕ್ಸ್ ಸ್ಲಾಟ್‌ನ ಒಳಗಿನ ಸಂಪರ್ಕಗಳನ್ನು ಬ್ರಷ್ ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಶುಚಿಗೊಳಿಸಿದರು, ಬೋರ್ಡ್‌ನ ಗಡಿಯಾರ ನಡೆಸುವ ಸಣ್ಣ ಸೆಲ್ ಬದಲಿಸಿದರು. ಹನ್ನೊಂದು ವರ್ಷ ಆ ಸ್ಲಾಟ್‌ಗೆ ಯಾವ ಕಾರ್ಡೂ ಹೋಗಿರಲಿಲ್ಲ. ಹೀಗೆ ತೆರೆದುಕೊಂಡೇ ಇದ್ದ ಸ್ಲಾಟ್‌ಗೆ ಕರಾವಳಿಯಲ್ಲಿ ನೇರವಾಗಿ ಕಾರ್ಡ್ ಸಿಕ್ಕಿಸಿದರೆ ಕೆಲವೊಮ್ಮೆ ಡಿಸ್‌ಪ್ಲೇ ಬರುವುದೇ ಇಲ್ಲವೆಂದೂ, ಜನ ಕಾರ್ಡ್ ಹಾಳೆಂದು ತಿಳಿದು ಹಿಂದಿರುಗಿಸುತ್ತಾರೆಂದೂ ಅವರು ಹೇಳಿದರು.

ಆಮೇಲೆ ಎಸ್‌ಎಂಪಿಎಸ್, ಅಂದರೆ ಯಂತ್ರದ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ. ಕ್ಯಾಬಿನೆಟ್ ಜೊತೆಗೇ ಬಂದಿದ್ದ ಅದರ ಮೇಲೆ 450 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅವರು ತೋರಿಸಿದ್ದು ಅದರ ಕೆಳಗಿನ ಸಣ್ಣಕ್ಷರದ ಕೋಷ್ಟಕವನ್ನು: 12 ವೋಲ್ಟ್ ಸಾಲಿನಲ್ಲಿ 14 ಆಂಪಿಯರ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಬಹುಪಾಲು ಈ ಸಾಲಿನಿಂದಲೇ ವಿದ್ಯುತ್ ಪಡೆಯುತ್ತವೆ. 12ನ್ನು 14ರಿಂದ ಗುಣಿಸಿದರೆ 168 ವ್ಯಾಟ್. ಜಿಟಿಎಕ್ಸ್ 1650ಕ್ಕೆ 75 ವ್ಯಾಟ್, ನಾವು ಹಾಕಬೇಕೆಂದಿದ್ದ ಐ7-4790 ಪ್ರೊಸೆಸರ್‌ಗೆ 84 ವ್ಯಾಟ್. ಇವೆರಡಕ್ಕೇ 159 ವ್ಯಾಟ್ ಆಯಿತು. ಫ್ಯಾನ್, ಹಾರ್ಡ್ ಡಿಸ್ಕ್ ಸೇರಿದರೆ ಏನೂ ಉಳಿಯುವುದಿಲ್ಲ, ಅದೂ ಹನ್ನೊಂದು ವರ್ಷ ಹಳೆಯ ಕೆಪ್ಯಾಸಿಟರ್‌ಗಳ ಮೇಲೆ ನಂಬಿಕೆಯಿಟ್ಟು. ದಪ್ಪಕ್ಷರದ ಸಂಖ್ಯೆಯನ್ನಲ್ಲ, ಈ 12 ವೋಲ್ಟ್‌ನ ಸಾಲನ್ನು ಓದಬೇಕೆಂಬುದನ್ನು ನಾನು ಅಲ್ಲಿಯೇ ಕಲಿತದ್ದು. ಹಳೆಯ ಯಂತ್ರಕ್ಕೆ ಕಾರ್ಡ್ ಹಾಕಿಸುವ ಪ್ರತಿಯೊಬ್ಬರೂ ಈ ಒಂದು ಗುಣಾಕಾರವನ್ನು ಮಾಡಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ವಿದ್ಯುತ್ ಕಡಿಮೆ ಪೋಲು ಮಾಡುವ, 80 ಪ್ಲಸ್ ಬ್ರಾಂಜ್ ದರ್ಜೆಯ ಹೊಸ 450 ವ್ಯಾಟ್ ಎಸ್‌ಎಂಪಿಎಸ್‌ಗೆ 3,300 ರೂಪಾಯಿ ಆಯಿತು.

ಇನ್ನು ಕಾರ್ಡ್‌ನ ಆಯ್ಕೆ. ಇಲ್ಲಿ ಸ್ವಲ್ಪ ನಿಧಾನಿಸಿ ಹೇಳಬೇಕು, ಏಕೆಂದರೆ ಅಂಗಡಿಗಳಲ್ಲಿ ಹೆಚ್ಚು ತಪ್ಪು ನಡೆಯುವುದು ಇಲ್ಲಿಯೇ. ಎಚ್81 ಚಿಪ್‌ಸೆಟ್‌ನ ಬೋರ್ಡ್‌ಗಳಲ್ಲಿ ಗ್ರಾಫಿಕ್ಸ್ ಸ್ಲಾಟ್ ಪಿಸಿಐಇ 2.0 ವೇಗದ್ದು. ಪಿಸಿಐಇ ಎಂದರೆ ಕಾರ್ಡ್ ಮತ್ತು ಬೋರ್ಡ್ ನಡುವೆ ಮಾಹಿತಿ ಸಾಗುವ ದಾರಿ. ಅದೇ ತಲೆಮಾರಿನ ಬಿ85, ಎಚ್97, ಝಡ್97 ಬೋರ್ಡ್‌ಗಳಲ್ಲಿ ಅದು 3.0. ಪಿಸಿಐಇ 2.0ರಲ್ಲಿ ಒಂದು ಲೇನ್‌ನಲ್ಲಿ, ಅಂದರೆ ಆ ದಾರಿಯ ಒಂದು ಸಾಲಿನಲ್ಲಿ, ಸೆಕೆಂಡಿಗೆ ಸುಮಾರು 500 ಎಂಬಿ ಮಾಹಿತಿ ಸಾಗುತ್ತದೆ. ಕಾರ್ಡ್ ಹದಿನಾರು ಲೇನ್‌ಗಳನ್ನೂ ಬಳಸಿದರೆ 8 ಜಿಬಿ. ಎಂಟನ್ನೇ ಬಳಸಿದರೆ 4 ಜಿಬಿ. ನಾಲ್ಕನ್ನೇ ಬಳಸಿದರೆ 2 ಜಿಬಿ. ಹೊಸ ತಲೆಮಾರಿನ ಸಣ್ಣ ಕಾರ್ಡ್‌ಗಳನ್ನು ತಯಾರಕರು ಪಿಸಿಐಇ 4.0 ಇರುವ ಹೊಸ ಬೋರ್ಡ್‌ಗಳನ್ನು ಮನಸ್ಸಿನಲ್ಲಿಟ್ಟು ಮಾಡುವುದರಿಂದ ಲೇನ್‌ಗಳನ್ನು ಕಡಿಮೆ ಮಾಡಿರುತ್ತಾರೆ. ಎನ್‌ವಿಡಿಯಾದ ಪ್ರತಿಸ್ಪರ್ಧಿ ಎಎಂಡಿಯಿಂದ 2022ರಲ್ಲಿ ಬಂದ ಆರ್‌ಎಕ್ಸ್ 6400 ಇದಕ್ಕೆ ಸ್ಪಷ್ಟ ಉದಾಹರಣೆ. ಹೆಚ್ಚುವರಿ ವಿದ್ಯುತ್ ತಂತಿ ಬೇಡ, ಸಣ್ಣ ಕ್ಯಾಬಿನೆಟ್‌ನಲ್ಲೂ ಕೂರುತ್ತದೆ, ಹೊಸದು. ಹಳೆಯ ಡೆಸ್ಕ್‌ಟಾಪ್‌ಗೆಂದೇ ಮಾಡಿದಂತೆ ಕಾಣುತ್ತದೆ. ಆದರೆ ಅದಕ್ಕಿರುವುದು ನಾಲ್ಕೇ ಲೇನ್. ಹೊಸ ಬೋರ್ಡ್‌ನಲ್ಲಿ ಅದು ತೊಂದರೆಯಲ್ಲ. ನಮ್ಮ ಬೋರ್ಡ್‌ನಲ್ಲಿ ಅದರ ದಾರಿ ಸೆಕೆಂಡಿಗೆ 2 ಜಿಬಿಗೆ ಕುಗ್ಗುತ್ತದೆ, ಮತ್ತು ಕಾರ್ಡ್‌ನ 4 ಜಿಬಿ ಮೆಮೊರಿ ತುಂಬಿ ಟೆಕ್ಸ್ಚರ್‌ಗಳು (ವಸ್ತುಗಳ ಮೇಲ್ಮೈಯ ಚಿತ್ರಗಳು) ರ್ಯಾಮ್‌ನಿಂದ ಬರಬೇಕಾದ ಕೂಡಲೇ ಗೇಮ್ ತಡವರಿಸತೊಡಗುತ್ತದೆ.

ಅಕ್ಕನ ಮಗಳ ಆಸೆ ಇದ್ದದ್ದು ಆರ್‌ಟಿಎಕ್ಸ್ 3050ರ 6 ಜಿಬಿ ಆವೃತ್ತಿಯ ಮೇಲೆ. 2024ರಲ್ಲಿ ಬಂದ ಆ ಕಾರ್ಡ್ 70 ವ್ಯಾಟ್‌ನಲ್ಲೇ ನಡೆಯುತ್ತದೆ, ರೇ ಟ್ರೇಸಿಂಗ್ (ಬೆಳಕಿನ ಕಿರಣಗಳನ್ನು ನಿಜದಂತೆ ಲೆಕ್ಕ ಹಾಕುವುದು) ಉಂಟು, ಡಿಎಲ್‌ಎಸ್‌ಎಸ್ (ಸಣ್ಣ ಚಿತ್ರವನ್ನು ಹಿಗ್ಗಿಸಿ ವೇಗ ಹೆಚ್ಚಿಸುವ ತಂತ್ರ) ಉಂಟು. ಗುಣದಲ್ಲಿ 1650ಕ್ಕಿಂತ ಮೇಲು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದಕ್ಕೆ ಎಂಟು ಲೇನ್, ನಮ್ಮಲ್ಲಿ ಅದು ಅರ್ಧ ದಾರಿ. ಮತ್ತು ಹೊಸ ಕಾರ್ಡ್‌ನ ಬೆಲೆ ಬಳಸಿದ 1650ರ ಎರಡು ಪಟ್ಟಿಗಿಂತಲೂ ಹೆಚ್ಚು. ಬಿ85 ಬೋರ್ಡ್ ಇದ್ದಿದ್ದರೆ ನಾನು ಅವಳ ಮಾತನ್ನೇ ಕೇಳುತ್ತಿದ್ದೆ. ಆರ್‌ಎಕ್ಸ್ 580ರ ಬಗ್ಗೆಯೂ ಯೋಚಿಸಿದೆವು. 8 ಜಿಬಿ ಮೆಮೊರಿ, ಹದಿನಾರು ಲೇನ್, ಬಳಸಿದ್ದು ಅಗ್ಗವಾಗಿಯೂ ಸಿಗುತ್ತದೆ. ಆದರೆ 185 ವ್ಯಾಟ್ ಬೇಡುವ ಆ ಕಾರ್ಡ್‌ಗೆ ಇನ್ನೂ ದೊಡ್ಡ ಎಸ್‌ಎಂಪಿಎಸ್ ಬೇಕು, ಗಾಳಿಯಾಡದ ನಮ್ಮ ಹಳೆಯ ಕ್ಯಾಬಿನೆಟ್ ಒಳಗೆ ಆ ಶಾಖ ಹೋಗಲು ಜಾಗವೂ ಬೇಕು.

ಜಿಟಿಎಕ್ಸ್ 1650 ಬಂದದ್ದು 2019ರ ಏಪ್ರಿಲ್‌ನಲ್ಲಿ. ಎನ್‌ವಿಡಿಯಾದ ಟ್ಯೂರಿಂಗ್ ತಲೆಮಾರು, 896 ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು), 4 ಜಿಬಿ ಮೆಮೊರಿ, ಹದಿನಾರು ಲೇನ್. ಇದರಲ್ಲೇ ಎರಡು ಬಗೆ ಉಂಟು: ಮೊದಲು ಬಂದದ್ದರಲ್ಲಿ ಜಿಡಿಡಿಆರ್5 ಮೆಮೊರಿ, 2020ರಲ್ಲಿ ಬಂದದ್ದರಲ್ಲಿ ಜಿಡಿಡಿಆರ್6. ಮೆಮೊರಿಯ ವೇಗ ಮೊದಲನೆಯದರಲ್ಲಿ ಸೆಕೆಂಡಿಗೆ 128 ಜಿಬಿ, ಎರಡನೆಯದರಲ್ಲಿ 192 ಜಿಬಿ. ಬೆಲೆ ಸಮೀಪವಿದ್ದರೆ ಎರಡನೆಯದನ್ನೇ ಕೇಳಿ ತೆಗೆದುಕೊಳ್ಳಬೇಕು. ನಮಗೆ ಸಿಕ್ಕಿದ್ದು ಅದೇ, 6,800 ರೂಪಾಯಿಗೆ. ಕೆಲವು ಮಾದರಿಗಳಿಗೆ ಆರು ಪಿನ್‌ಗಳ ಪ್ರತ್ಯೇಕ ವಿದ್ಯುತ್ ತಂತಿ ಬೇಕು, ಕೆಲವಕ್ಕೆ ಬೇಡ. ಎಸ್‌ಎಂಪಿಎಸ್ ಬದಲಿಸದೆ ಕಾರ್ಡ್ ಮಾತ್ರ ಹಾಕಿಸುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಬಳಸಿದ ಕಾರ್ಡ್‌ಗಳ ಮಾರುಕಟ್ಟೆಯಲ್ಲಿ ಹಳೆಯ ಕಾರ್ಡ್‌ನ ಬಯಾಸ್ (ಯಂತ್ರಭಾಗದ ಒಳಗೇ ಬರೆದಿರುವ, ಅದು ಏಳುವಾಗ ಮೊದಲು ಓಡುವ ತಂತ್ರಾಂಶ) ತಿದ್ದಿ ಬೇರೆ ಹೆಸರು ತೋರುವಂತೆ ಮಾಡಿದ ನಕಲಿಗಳೂ ಇವೆ. ಅಂಗಡಿಯವರು ನಮ್ಮೆದುರೇ ಕಾರ್ಡ್‌ನ ವಿವರ ತೋರಿಸುವ ಜಿಪಿಯು-ಝಡ್ ಎಂಬ ತಂತ್ರಾಂಶ ತೆರೆದು ಕೋರ್‌ಗಳ ಸಂಖ್ಯೆ, ಮೆಮೊರಿಯ ಬಗೆ ತೋರಿಸಿದರು, ಅರ್ಧ ಗಂಟೆ ಪೂರ್ಣ ಭಾರದಲ್ಲಿ ಓಡಿಸಿದರು, ಫ್ಯಾನ್ ಕೈಯಲ್ಲಿ ತಿರುಗಿಸಿ ಬೇರಿಂಗ್ ಸದ್ದು ಕೇಳಿಸಿದರು. ಬಳಸಿದ ಕಾರ್ಡ್ ಮಾರುವವರು ಇಷ್ಟನ್ನು ಮಾಡಲು ಒಪ್ಪದಿದ್ದರೆ ಅಲ್ಲಿಂದ ಎದ್ದುಬರುವುದೇ ಸರಿ.

ಈ ಕಾರ್ಡ್‌ನ ಪರವಾದ ಇನ್ನೊಂದು ಕಾರಣ ಕೊಂಡ ಮೇಲೆ ತಿಳಿಯಿತು. ಎನ್‌ವಿಡಿಯಾ ತನ್ನ ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್ ತಲೆಮಾರಿನ ಕಾರ್ಡ್‌ಗಳಿಗೆ, ಅಂದರೆ 750 ಟಿಐ, 1050 ಟಿಐ, 1060 ಇಂಥವಕ್ಕೆ, ಹೊಸ ಗೇಮ್‌ಗಳಿಗೆಂದು ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಕೊಡುವುದನ್ನು 2025ರ ಅಕ್ಟೋಬರ್‌ಗೆ ಮುಗಿಸಿ, ಮುಂದೆ ಭದ್ರತೆಯ ಅಪ್‌ಡೇಟ್‌ಗಳನ್ನಷ್ಟೇ ಕೊಡುವುದಾಗಿ ಪ್ರಕಟಿಸಿತು. ಟ್ಯೂರಿಂಗ್ ಆದ್ದರಿಂದ 1650 ಆ ಪಟ್ಟಿಯಲ್ಲಿಲ್ಲ. ಸಾವಿರ ರೂಪಾಯಿ ಉಳಿಯುತ್ತದೆಂದು ಈಗ 1050 ಟಿಐ ಕೊಳ್ಳುವವರು ಇದನ್ನು ಯೋಚಿಸಬೇಕು.

ಈ ಅಂಗಡಿಯ ಬಗ್ಗೆ ನನಗೆ ಗೌರವ ಮೂಡಿದ್ದು ಮುಂದಿನ ಕೆಲಸದಿಂದ. ಹೊಸ ಎಸ್‌ಎಂಪಿಎಸ್ ಹಾಕಿದ ಬಳಿಕ ಅವರು ಬೇರೇನನ್ನೂ ಬದಲಿಸದೆ, ಹಳೆಯ ಐ3, ಹಳೆಯ 4 ಜಿಬಿ ರ್ಯಾಮ್ ಇದ್ದ ಹಾಗೆಯೇ ಕಾರ್ಡ್ ಸಿಕ್ಕಿಸಿ ಜಿಟಿಎ 5 ಓಡಿಸಿದರು. ಕಂಪ್ಯೂಟರ್‌ಗೆಂದು 2015ರಲ್ಲಿ ಬಂದ ಮೂಲ ಆವೃತ್ತಿ ನಮ್ಮ ಹಾರ್ಡ್ ಡಿಸ್ಕ್‌ನಲ್ಲಿ ಮೊದಲೇ ಇತ್ತು. ಗೇಮ್‌ನೊಳಗೇ ಪರೀಕ್ಷೆಯ ವ್ಯವಸ್ಥೆಯೂ ಇದೆ. ಸರಾಸರಿ ಸೆಕೆಂಡಿಗೆ 52 ಫ್ರೇಮ್ ಬಂತು. ಆ ಸಂಖ್ಯೆಯನ್ನಷ್ಟೇ ನೋಡಿದ್ದರೆ ನಾನು ಹಣ ಕೊಟ್ಟು ಮನೆಗೆ ಹೊರಡುತ್ತಿದ್ದೆ. ಆದರೆ ಪರದೆಯ ಮೇಲೆ ಕಾರು ಓಡುತ್ತಿದ್ದದ್ದು ಹಾಗಲ್ಲ. ರಸ್ತೆ ತಿರುಗಿದಾಗಲೆಲ್ಲ ಚಿತ್ರ ನಿಂತು, ಮತ್ತೆ ಹಾರಿ ಮುಂದೆ ಹೋಗುತ್ತಿತ್ತು. "ಮಾಮ, ಇದು ಮೊದಲಿನ ಹಾಗೆಯೇ ಜರ್ಕ್ ಹೊಡೀತದೆ" ಎಂದಳು ಅಕ್ಕನ ಮಗಳು.

ಕಾರಣವನ್ನು ಅವರು ಎರಡನೆಯ ಸಂಖ್ಯೆಯಲ್ಲಿ ತೋರಿಸಿದರು. ಫ್ರೇಮ್‌ಗಳಲ್ಲೆಲ್ಲ ಅತಿ ನಿಧಾನವಾದ ನೂರಕ್ಕೊಂದು ಪಾಲನ್ನು ಮಾತ್ರ ಎಣಿಸಿದರೆ ಬಂದದ್ದು 14. ಸೆಕೆಂಡಿಗೆ ಅರವತ್ತು ಫ್ರೇಮ್ ಎಂದರೆ ಒಂದೊಂದಕ್ಕೆ ಸುಮಾರು 16.7 ಮಿಲಿಸೆಕೆಂಡ್, ಹದಿನಾಲ್ಕು ಎಂದರೆ ಒಂದಕ್ಕೆ 70 ಮಿಲಿಸೆಕೆಂಡಿಗೂ ಹೆಚ್ಚು. ಕಣ್ಣಿಗೆ ಚುಚ್ಚುವುದು ಆ 70 ಮಿಲಿಸೆಕೆಂಡ್, ಸರಾಸರಿಯಲ್ಲ. ಕಾರ್ಡ್ ಚಿತ್ರ ಬಿಡಿಸಲು ಸಿದ್ಧವಿದ್ದರೂ ಎರಡು ಕೋರ್‌ಗಳ ಪ್ರೊಸೆಸರ್ ಊರಿನ ಜನ, ವಾಹನಗಳ ಲೆಕ್ಕ ಮುಗಿಸಿ ಕೊಡುವವರೆಗೆ ಅದು ಕಾಯಬೇಕು. 4 ಜಿಬಿ ರ್ಯಾಮ್ ತುಂಬಿದಾಗ ವಿಂಡೋಸ್ ಹಾರ್ಡ್ ಡಿಸ್ಕ್‌ನ ಕಡೆ ಓಡುತ್ತದೆ, ಆಗ ಪ್ರೊಸೆಸರ್ ಕೂಡ ಕಾಯುತ್ತದೆ. ಐ7 ಹಾಕಿದ ಬಳಿಕ ಅದೇ ಪರೀಕ್ಷೆಯಲ್ಲಿ ಸರಾಸರಿ 66, ಕೆಳಗಿನ ಸಂಖ್ಯೆ 31. ರ್ಯಾಮ್ 16 ಜಿಬಿ ಆದ ಮೇಲೆ 71 ಮತ್ತು 47. ಗೇಮನ್ನು ಹಾರ್ಡ್ ಡಿಸ್ಕ್‌ಗಿಂತ ವೇಗದ ಎಸ್‌ಎಸ್‌ಡಿಗೆ ಸಾಗಿಸಿದಾಗ ಸರಾಸರಿ ಬದಲಾಗಲಿಲ್ಲ, ಕೆಳಗಿನದು 50ಕ್ಕೆ ಏರಿತು. ಸರಾಸರಿಯಲ್ಲಿ ಏರಿದ್ದು 19 ಫ್ರೇಮ್ ಮಾತ್ರ. ಕೆಳಗಿನ ಸಂಖ್ಯೆ ಮೂರು ಪಟ್ಟು ದಾಟಿತು. ಕಾರ್ಡ್ ಮಾರುವವರು ಸರಾಸರಿಯನ್ನೇ ಹೇಳುತ್ತಾರೆ. ಕೊಳ್ಳುವವರು ಎರಡನೆಯದನ್ನು ಕೇಳಬೇಕು.

ಪ್ರೊಸೆಸರ್ ಬದಲಾವಣೆಗೆ ಒಂದು ದಿನ ಹೆಚ್ಚು ಹಿಡಿಯಿತು. ನಮ್ಮ ಬೋರ್ಡ್ ಇಂಟೆಲ್‌ನ ಹ್ಯಾಸ್ವೆಲ್ ತಲೆಮಾರಿನ ಮೊದಲ ಪ್ರೊಸೆಸರ್‌ಗಳ ಕಾಲದ್ದು. 2014ರ ಐ7-4790ನ್ನು ಅದು ಗುರುತಿಸಬೇಕಾದರೆ ಬಯಾಸ್ ಅಪ್‌ಡೇಟ್ ಆಗಬೇಕು. ಬಯಾಸ್ ಬರೆಯುತ್ತಿರುವಾಗ ವಿದ್ಯುತ್ ಹೋದರೆ ಬೋರ್ಡ್ ಮತ್ತೆ ಏಳದಿರಬಹುದು. ಅಂದು ಸಂಜೆ ನಾಲ್ಕರ ಹೊತ್ತಿಗೆ ಪೂರ್ವದಲ್ಲಿ ಮೋಡ ಕಟ್ಟಿ ಗುಡುಗು ಶುರುವಾಯಿತು. ಪತ್ತನಾಜೆಗೆ (ಮೇ ಕೊನೆಯಲ್ಲಿ ಬರುವ, ತುಳುನಾಡಿನ ಮಳೆಗಾಲದ ಹೊಸ್ತಿಲ ದಿನ) ಮುಂಚಿನ ದಿನಗಳಲ್ಲಿ ನಮ್ಮ ಕಡೆ ಇದು ಸಾಮಾನ್ಯ. ಅಂಗಡಿಯಲ್ಲಿ ಯುಪಿಎಸ್ ಇದ್ದರೂ ಅವರು ಕೆಲಸವನ್ನು ನಿಲ್ಲಿಸಿ, "ನಾಳೆ ಬೆಳಿಗ್ಗೆ ಮಾಡುವ ಸರ್, ಈಗ ಬೇಡ" ಎಂದರು. ಅವಸರ ಮಾಡದಿದ್ದುದು ನನಗೆ ಬಹಳ ಹಿಡಿಸಿತು. ನಾಲ್ಕು ಕೋರ್, ಎಂಟು ಥ್ರೆಡ್, 3.6ರಿಂದ 4 ಗಿಗಾಹರ್ಟ್ಸ್‌ನ ಆ ಪ್ರೊಸೆಸರ್ ನಮ್ಮ ಬೋರ್ಡ್‌ನ ಎಲ್‌ಜಿಎ 1150 ಸಾಕೆಟ್‌ಗೆ (ಪ್ರೊಸೆಸರ್ ಕೂರುವ ಜಾಗ) ದೊರೆಯುವ ಉತ್ತಮವಾದವುಗಳಲ್ಲಿ ಒಂದು. ಹಳೆಯ ಐ3ಯ ಅಗತ್ಯ 54 ವ್ಯಾಟ್ ಆಗಿದ್ದುದರಿಂದ ಅದರ ಕೂಲರ್ ಇದಕ್ಕೆ ಸಾಲದು. ನಡುವೆ ತಾಮ್ರವಿರುವ ಕೂಲರ್ ಸೇರಿ 4,500 ರೂಪಾಯಿ ಕೊಟ್ಟೆವು.

ರ್ಯಾಮ್ ಬಗ್ಗೆ ಹೇಳಲು ಹೆಚ್ಚಿಲ್ಲ. ಎಚ್81 ಬೋರ್ಡ್‌ನಲ್ಲಿ ಎರಡೇ ಸ್ಲಾಟ್, ಗರಿಷ್ಠ 16 ಜಿಬಿ. ಬಳಸಿದ 8 ಜಿಬಿಯ ಎರಡು ಡಿಡಿಆರ್3 ಪಟ್ಟಿಗಳು 2,000 ರೂಪಾಯಿಗೆ ಬಂದವು, ರಾತ್ರಿಯಿಡೀ ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ ಕೊಟ್ಟರು. ಎರಡು ಪಟ್ಟಿ ಹಾಕುವುದರಿಂದ ಮೆಮೊರಿಯ ದಾರಿಯೂ ಇಮ್ಮಡಿಯಾಗುತ್ತದೆ. 500 ಜಿಬಿಯ ಹೊಸ ಸಾಟಾ ಎಸ್‌ಎಸ್‌ಡಿಗೆ 3,100. ಇದರಲ್ಲಿ ಒಂದು ಎಚ್ಚರ: ಈ ಚಿಪ್‌ಸೆಟ್‌ನ ನಾಲ್ಕು ಸಾಟಾ ಪೋರ್ಟ್‌ಗಳಲ್ಲಿ (ಡಿಸ್ಕ್‌ನ ತಂತಿ ಸಿಕ್ಕಿಸುವ ಜಾಗ) ಎರಡಕ್ಕೆ ಮಾತ್ರ 6 ಗಿಗಾಬಿಟ್ ವೇಗವಿದೆ, ಉಳಿದೆರಡಕ್ಕೆ 3. ಮನೆಯಲ್ಲೇ ಹಾಕಿಕೊಳ್ಳುವವರು ಪೋರ್ಟ್ ನೋಡಿ ಸಿಕ್ಕಿಸಬೇಕು.

ಮನೆಗೆ ತಂದ ಮೇಲೆ ಎರಡು ವಿಷಯ ಎದುರಾದವು. ನಮ್ಮ ಹಳೆಯ ಮಾನಿಟರ್‌ಗೆ ವಿಜಿಎ ತಂತಿ ಮಾತ್ರ. ಕಾರ್ಡ್‌ನಲ್ಲಿ ವಿಜಿಎ ಇಲ್ಲ. ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಕನ್ವರ್ಟರ್‌ಗೆ 350 ರೂಪಾಯಿ ಕೊಟ್ಟಿದ್ದೆವು, ಅದು ಸರಿಯಾಗಿ ನಡೆಯಿತು. ಎರಡನೆಯದು ಅರ್ಥಿಂಗ್. ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಮ್ ಎನ್ನುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿದ್ದರು. ಹೌದು, ವರ್ಷಗಳಿಂದ ಹಾಗೆಯೇ ಇತ್ತು, ನಾವು ಅದಕ್ಕೆ ಒಗ್ಗಿಹೋಗಿದ್ದೆವು. ಎಸ್‌ಎಂಪಿಎಸ್‌ನ ಒಳಗಿನ ಫಿಲ್ಟರ್ ಕೆಪ್ಯಾಸಿಟರ್‌ಗಳು ಕ್ಯಾಬಿನೆಟ್‌ಗೆ ಸೇರಿಕೊಂಡಿರುವುದರಿಂದ, ಮೂರನೆಯ ಪಿನ್ ನಿಜವಾಗಿ ಭೂಮಿಗೆ ತಲುಪದಿದ್ದರೆ ಕ್ಯಾಬಿನೆಟ್ ಮೇಲೆ ಮನೆಯ ವೋಲ್ಟೇಜ್‌ನ ಅರ್ಧದಷ್ಟು ನಿಲ್ಲುತ್ತದೆ. ಕರೆಂಟ್ ಅತಿ ಕಡಿಮೆಯಾದ್ದರಿಂದ ಜುಮ್ ಎನ್ನುವುದಷ್ಟೇ ಅನುಭವಕ್ಕೆ ಬರುತ್ತದೆ, ಆದರೆ ಎಚ್‌ಡಿಎಂಐ ತಂತಿಯನ್ನು ಸಿಕ್ಕಿಸುವಾಗ ಕಾರ್ಡ್‌ನ ಪೋರ್ಟ್ ಹಾಳಾಗಲು ಅದು ಸಾಕಾಗಬಹುದು. ಎಲೆಕ್ಟ್ರಿಷಿಯನ್ ಬಂದು ನೋಡಿದಾಗ ಹಿತ್ತಿಲಿನ ಅರ್ಥ್ ಕಂಬಿಯ ತಂತಿ ತುಕ್ಕು ಹಿಡಿದು ಕಡಿದುಹೋಗಿತ್ತು. ಕಾರ್ಡ್‌ಗೆ ಹಣ ಹಾಕುವ ಮೊದಲು ಇದನ್ನು ಸರಿಪಡಿಸಿಕೊಳ್ಳಿ ಎಂದು ಕರಾವಳಿಯ ಓದುಗರಲ್ಲಿ ನನ್ನ ಕಳಕಳಿಯ ವಿನಂತಿ.

ಈಗ ಆಟದ ಮಾತು. ಹಳೆಯ ಮಾನಿಟರ್ 1600×900ರದ್ದು; ಪೂರ್ಣ ಎಚ್‌ಡಿಗಿಂತ ಅದರಲ್ಲಿ ಪಿಕ್ಸೆಲ್‌ಗಳು ಸುಮಾರು 30 ಶೇಕಡಾ ಕಡಿಮೆ, ಆದ್ದರಿಂದ ಕಾರ್ಡ್‌ನ ಭಾರವೂ ಕಡಿಮೆ. ನನ್ನ ಟ್ರಕ್ ಗೇಮ್‌ನಲ್ಲಿ ಹೈ ಸೆಟ್ಟಿಂಗ್ ಇಟ್ಟರೂ ಹೆದ್ದಾರಿಯಲ್ಲಿ 60 ಫ್ರೇಮ್ ಕದಲುವುದಿಲ್ಲ. ದೊಡ್ಡ ಊರಿನೊಳಗೆ ಮಳೆ ಸುರಿಯುವಾಗ ಐವತ್ತರವರೆಗೆ ಇಳಿಯುತ್ತದೆ. ರಾತ್ರಿ ಮಳೆಯಲ್ಲಿ ವೈಪರ್ ಆಡುವಾಗ ಎದುರಿನ ಗಾಡಿಯ ದೀಪ ಒದ್ದೆ ರಸ್ತೆಯ ಮೇಲೆ ಹರಡುವುದನ್ನು, ಇಷ್ಟು ವರ್ಷ ಆಡಿದ ಅದೇ ಗೇಮ್‌ನಲ್ಲಿ, ನಾನು ಮೊದಲ ಬಾರಿ ನೋಡಿದೆ. ಆ ರಾತ್ರಿ ಮಲಗುವಾಗ ಒಂದು ಗಂಟೆ ದಾಟಿತ್ತು. ಫೋರ್ಜಾ ಹೊರೈಜನ್ 5 ಮೀಡಿಯಂನಲ್ಲಿ ಅರವತ್ತರ ಆಸುಪಾಸು. ಕೌಂಟರ್-ಸ್ಟ್ರೈಕ್ 2 ಲೋ ಸೆಟ್ಟಿಂಗ್‌ನಲ್ಲಿ ಸರಾಸರಿ ನೂರು ದಾಟಿದರೂ ಹೊಗೆ, ಬೆಂಕಿ ಒಟ್ಟಿಗೆ ಬಂದಾಗ ಐವತ್ತರ ಹತ್ತಿರ ಬೀಳುತ್ತದೆ. ಇದು ಕಾರ್ಡ್‌ನ ದೋಷವಲ್ಲ, ಹಳೆಯ ಪ್ರೊಸೆಸರ್‌ನ ಮಿತಿ. ಸ್ಪರ್ಧೆಗೆಂದು ಆಡುವವರಿಗೆ ಈ ಯಂತ್ರ ಸಾಲದು.

ಆಗದಿರುವುದನ್ನೂ ಹೇಳಬೇಕು. 1650ರಲ್ಲಿ ರೇ ಟ್ರೇಸಿಂಗ್ ಹಾರ್ಡ್‌ವೇರ್ ಇಲ್ಲ. 2024ರ ಕೊನೆಗೆ ಬಂದ ಇಂಡಿಯಾನಾ ಜೋನ್ಸ್ ಗೇಮ್, 2025ರ ಮೇ ತಿಂಗಳಲ್ಲಿ ಬಂದ ಡೂಮ್‌ನ ಹೊಸ ಭಾಗ ಎರಡಕ್ಕೂ ಅದು ಕಡ್ಡಾಯ. ಅವು ಇದರಲ್ಲಿ ಓಡುವುದಿಲ್ಲ. ಡಿಎಲ್‌ಎಸ್‌ಎಸ್ ಕೂಡ ಇಲ್ಲ, ಆದರೆ ಅಂಥದೇ ಕೆಲಸ ಮಾಡುವ ಎಎಂಡಿಯ ಎಫ್‌ಎಸ್‌ಆರ್ ಇರುವ ಗೇಮ್‌ಗಳಲ್ಲಿ ಅದನ್ನು ಬಳಸಿಕೊಳ್ಳಬಹುದು. ಟೆಕ್ಸ್ಚರ್ ಗುಣಮಟ್ಟವನ್ನು 4 ಜಿಬಿ ಮೀರದಂತೆ ಇಟ್ಟುಕೊಳ್ಳುವುದು ಕಡ್ಡಾಯ. ಇನ್ನು ವಿಂಡೋಸ್: ಹ್ಯಾಸ್ವೆಲ್ ಪ್ರೊಸೆಸರ್‌ಗಳಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಾವು 2026ರ ಅಕ್ಟೋಬರ್‌ವರೆಗಿನ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿಕೊಂಡಿದ್ದೇವೆ. ಅದಾದ ಮೇಲೆ ಲಿನಕ್ಸ್. ನನ್ನ ಟ್ರಕ್ ಗೇಮ್‌ಗೆ ಲಿನಕ್ಸ್ ಆವೃತ್ತಿಯೇ ಇರುವುದರಿಂದ ನನಗೆ ಚಿಂತೆಯಿಲ್ಲ.

ಮಳೆಗಾಲದಲ್ಲಿ ಒಮ್ಮೆ ತೊಂದರೆಯಾಯಿತು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಎರಡು ವಾರ ಯಂತ್ರವನ್ನು ಹಾಕದೆ ಇಟ್ಟಿದ್ದೆವು; ಆಮೇಲೆ ಆನ್ ಮಾಡಿದರೆ ಬೀಪ್ ಸದ್ದು, ಪರದೆ ಕಪ್ಪು. ಅಂಗಡಿಗೆ ಫೋನ್ ಮಾಡಿದಾಗ ಅವರು ಹೇಳಿದಂತೆ ರ್ಯಾಮ್ ಪಟ್ಟಿಗಳನ್ನು ತೆಗೆದು ಸಂಪರ್ಕಗಳನ್ನು ಆಲ್ಕೊಹಾಲ್‌ನಲ್ಲಿ ಒರೆಸಿ ಮತ್ತೆ ಹಾಕಿದೆ, ಸರಿಯಾಯಿತು. ರಬ್ಬರ್‌ನಿಂದ ಉಜ್ಜಬೇಡಿ, ಚಿನ್ನದ ಲೇಪ ಸವೆಯುತ್ತದೆ ಎಂದೂ ಎಚ್ಚರಿಸಿದರು. ಅಂದಿನಿಂದ ಬಳಸಲಿ ಬಿಡಲಿ, ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸುತ್ತೇವೆ. ಒಳಗಿನ ಬಿಸಿಗೆ ತೇವ ಆರುತ್ತದೆ.

ಅಂಗಡಿಯ ಬಗ್ಗೆ ಎರಡು ಆಕ್ಷೇಪಗಳಿವೆ. ಶನಿವಾರ ಕೊಡುತ್ತೇನೆಂದವರು ಕೊಟ್ಟದ್ದು ಮಂಗಳವಾರ, ನಡುವೆ ಒಂದು ಫೋನ್ ಕೂಡ ಇಲ್ಲ. ಬಳಸಿದ ಭಾಗಗಳಿಗೆ ಮೊದಲು ಬರೆದುಕೊಟ್ಟ ಬಿಲ್‌ನಲ್ಲಿ ಸೀರಿಯಲ್ ನಂಬರ್ ಇರಲಿಲ್ಲ; ಕೇಳಿದ ಮೇಲೆ ಬರೆದರು, ಮೂರು ತಿಂಗಳ ವಾರಂಟಿಯನ್ನೂ ಸೇರಿಸಿದರು. ಕೇಳದಿದ್ದವರಿಗೂ ಅದನ್ನು ಬರೆದುಕೊಡಬೇಕು. ಕೆಲಸದ ಕೂಲಿ 700 ರೂಪಾಯಿ, ಅಷ್ಟು ಪರೀಕ್ಷೆಗಳಿಗೆ ಅದು ಕಡಿಮೆಯೇ.

ಇದೇ ಅಂಗಡಿಯಲ್ಲಿ ಹೊಸ ಯಂತ್ರಕ್ಕೆ ಲೆಕ್ಕ ಹಾಕಿಸಿದಾಗ 46,000 ಆಗಿತ್ತು. ರ್ಯಾಮ್ ಬೆಲೆ ಈಚೆಗೆ ಏರಿರುವುದರಿಂದ ಈಗ ಇನ್ನೂ ಮೇಲೆ ಹೋಗುತ್ತದೆ. ಹೆಚ್ಚು ವರ್ಷ ಬಾಳುವುದು ಹೊಸದೇ, ಅಷ್ಟು ಕೂಡಿಸಬಲ್ಲವರು ಹಳೆಯದಕ್ಕೆ ಇಪ್ಪತ್ತು ಸಾವಿರ ಹಾಕಬಾರದು. ಕಚೇರಿಗಳಿಂದ ಹೊರಬಿದ್ದ ಕಂಪೆನಿ ಡೆಸ್ಕ್‌ಟಾಪ್ ಇರುವವರು, ಅದರ ಎಸ್‌ಎಂಪಿಎಸ್ ಮತ್ತು ಕನೆಕ್ಟರ್ ಸಾಮಾನ್ಯ ಅಳತೆಯವೇ ಎಂದು ನೋಡಿಯೇ ಮುಂದುವರಿಯಬೇಕು. ಬೋರ್ಡ್ ಗಟ್ಟಿಯಾಗಿದ್ದು, ಮೂರು ವರ್ಷ ಹಳೆಯ ಮತ್ತು ಮಧ್ಯಮ ಗೇಮ್‌ಗಳನ್ನು ಆಡಿದರೆ ಸಾಕು ಎನ್ನುವವರಿಗೆ ಈ ಕಾರ್ಡ್ ತಕ್ಕದ್ದು.

ಕಳೆದ ತಿಂಗಳು ಪಕ್ಕದ ಮನೆಯವರ ಪೂರ್ಣ ಎಚ್‌ಡಿ ಮಾನಿಟರನ್ನು ಒಂದು ಸಂಜೆಯ ಮಟ್ಟಿಗೆ ತಂದು ನೋಡಿದೆವು. ಪಿಕ್ಸೆಲ್ 44 ಶೇಕಡಾ ಹೆಚ್ಚಿದ ಕಾರಣ ಜಿಟಿಎ 5ರ ಸರಾಸರಿ 71ರಿಂದ 57ಕ್ಕೆ ಇಳಿಯಿತು. ಕೆಳಗಿನ ಸಂಖ್ಯೆ 46ರಲ್ಲಿ ನಿಂತಿತು. ಚಿತ್ರ ಖಂಡಿತವಾಗಿಯೂ ಸ್ಪಷ್ಟವಾಗಿತ್ತು, ಆಡಲೂ ತೊಂದರೆಯಿರಲಿಲ್ಲ. ಕೊಳ್ಳೋಣವೇ ಎಂದು ಕೇಳಿದೆ. ಅಕ್ಕನ ಮಗಳು ಸ್ವಲ್ಪ ಹೊತ್ತು ಎರಡೂ ಪರದೆಗಳನ್ನು ನೋಡಿ, "ಈಗ ಇದೇ ಸಾಕು ಮಾಮ. ಆ ಹಣಕ್ಕೆ ನಿಮ್ಮ ಲಾರಿಗೆ ಒಂದು ಸ್ಟಿಯರಿಂಗ್ ವೀಲ್ ತೆಗೆಯುವ" ಎಂದಳು. ಮಾನಿಟರನ್ನು ಅಂದೇ ರಾತ್ರಿ ಹಿಂದಕ್ಕೆ ಕೊಟ್ಟು ಬಂದೆವು.